ಅರವಟ್ಟಿಗೆಯ ನೀರು

ದಾನಗಳೊಳಗೆ ಅನ್ನದಾನವೇ ಹೆಚ್ಚಿನದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಎರೆಯ ಸೀಮೆಯ ಬೇಸಗೆಯನ್ನು ಒಮ್ಮೆ ಕಂಡವರು ಆ ಹಿರಿಮೆಯಲ್ಲಿ ಅರ್ಧವನ್ನಾದರೂ ನೀರಿಗೆ ಕೊಡದೆ ಇರಲಾರರು. ರೋಣ ತಾಲೂಕಿನ ಸವಡಿಯ ಸುತ್ತಲಿನ ನೆಲವು ಇಂತಹ ಎರೆಯ ನೆಲ. ಮಳೆ ಕೂಡಿಬಂದ ವರ್ಷ ಬಿಳಿಜೋಳ, ಕಡಲೆ, ಕುಸುಬಿಗಳನ್ನು ಕೈತುಂಬ ಕೊಡುವ ಆ ಭೂಮಿಯು ಚೈತ್ರ ಬಂತೆಂದರೆ ಅಂಗೈಯಗಲ ಬಿರಿದು ಬಾಯ್ದೆರೆದುಕೊಂಡು ಬೀಳುವದು. ಅಲ್ಲಿ ಮನೆಗೆ ಬಂದವರ ಮುಂದೆ ಮೊದಲು ಇಡುವದು ಚಹವಲ್ಲ. ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ. ಹೆಣ್ಣು ಕೊಡುವವರು ಗಂಡಿನ ಹೊಲಮನೆಗಳ ಜೊತೆಗೆ ಊರ ನೀರು ಸಿಹಿಯೋ ಸವಳೋ ಎಂಬುದನ್ನೂ ವಿಚಾರಿಸುವರು. ನೀರು ಕೆಟ್ಟದ್ದೆಂದರೆ ಮನೆತನದ ಮಾನಕ್ಕೇ ಕುಂದು ಬಂದಂತೆ.

ಆ ಊರಿನ ಒಂದು ಒಕ್ಕಲುತನದ ಮನೆಯವರು ದಾರಿಯ ಮಗ್ಗುಲಿಗೆ ಪ್ರತಿವರ್ಷ ಅರವಟ್ಟಿಗೆ ಇಡುವದು ಮೂರು ತಲೆಗಳಿಂದ ನಡೆದುಬಂದ ಪದ್ಧತಿ. ಯುಗಾದಿಯ ಮರುದಿನ ಕಣಿಕೆಯ ಚಪ್ಪರ ಹಾಕಿ, ಹಸಿ ಮರಳಿನ ಮೇಲೆ ಮೂರು ಹರವಿಗಳನ್ನು ಕೂಡಿಸುವರು. ಮುಂಗಾರು ಬೀಳುವತನಕ ಅವು ಬರಿದಾಗುವಂತಿಲ್ಲ. ಜಾತ್ರೆಗೆ ಹೋಗುವವರು, ಕೂಲಿಗೆ ಹೊರಟವರು, ಬಸ್ಸು ತಪ್ಪಿದವರು, ಕುರಿ ಕಾಯುವವರು ಅಲ್ಲಿ ನಿಂತು ಕುಡಿದು, 'ಪುಣ್ಯಾ ಬರಲಿ' ಎಂದು ಹರಸಿ ಹೋಗುವರು. ಮೊದಲಿಗೆ ಈ ನೀರು ಕೆರೆಯಿಂದ ತಲೆಯ ಮೇಲೆ ಬರುತ್ತಿತ್ತು. ಮುಂದೆ ಬಾವಿಯಿಂದ ಬಂತು. ಬಾವಿ ಬತ್ತಿದ ಮೇಲೆ ಮನೆಯವರು ಹೊಲದಲ್ಲಿ ಆಳವಾದ ಕೊಳವೆಬಾವಿ ತೆಗೆಯಿಸಿದರು. ನೀರು ತಿಳಿಯಾಗಿತ್ತು, ತಂಪಾಗಿತ್ತು, ನಾಲಿಗೆಗೆ ಸವಳಾಗಿರಲಿಲ್ಲ. ಗಂಗಮ್ಮನಿಗೆ ಉಡಿ ತುಂಬಿ, ಓಣಿಯವರಿಗೆಲ್ಲ ಕೊಡ ತುಂಬಿಕೊಳ್ಳಲು ಅಪ್ಪಣೆ ಕೊಟ್ಟರು. ಮನೆಯ ಹಿರಿಯಳಾದ ಅಜ್ಜಿಗೆ ಅದೊಂದು ದೊಡ್ಡ ಸಮಾಧಾನ.

ಆ ಸಮಾಧಾನವು ಒಂದು ಕಾಗದದಿಂದ ಕದಡಿತು. ಅಜ್ಜಿಯ ಮರಿಮೊಮ್ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟಿದಾಗ ಅವುಗಳ ಮೇಲೆ ಸುಣ್ಣದ ಗೆರೆಯೆಳೆದಂತೆ ಬಿಳಿಯ ಪಟ್ಟೆಗಳೂ ಕಂದು ಕಲೆಗಳೂ ಕಾಣಿಸಿದವು. ಉಜ್ಜಿದರೆ ಹೋಗಲಿಲ್ಲ. ಹಲ್ಲಿನ ವೈದ್ಯರು ಔಷಧವನ್ನು ಬರೆಯದೆ, ಮನೆಯ ನೀರನ್ನು ಪರೀಕ್ಷೆ ಮಾಡಿಸಿರೆಂದು ಹೇಳಿ ಕಳಿಸಿದರು. ನೀರಿನಲ್ಲಿ ಫ್ಲೋರೈಡು ಮಿತಿಯನ್ನು ಮೀರಿದೆಯೆಂದು ಉತ್ತರ ಬಂತು. ಗದಗದ ಕಾಲೇಜಿನಲ್ಲಿ ಇತಿಹಾಸವನ್ನು ಕಲಿಸುವ ಮೊಮ್ಮಗನು ಕಾಗದವನ್ನು ಓದಿ ಅರ್ಥ ಹೇಳಿದನು. ಅಜ್ಜಿಯು ನೋಯುವ ಮೊಳಕಾಲನ್ನು ನೀವಿಕೊಳ್ಳುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಬಳಿಕ, "ತಮ್ಮಾ, ಹಂಗಾರ ಇಷ್ಟ ವರ್ಷ ನಾವು ಹಾದಿ ಮಂದಿಗೆ ಹೊಯ್ದದ್ದು ಪುಣ್ಯಾನೋ, ಪಾಪಾನೋ?" ಎಂದು ಕೇಳಿದಳು.

ಮೊಮ್ಮಗನಿಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ಆತನು ಆ ದಿನಗಳಲ್ಲಿ ಯುರೋಪ ಖಂಡದ ಆರೋಗ್ಯಸ್ನಾನದ ಊರುಗಳ ಚರಿತ್ರೆಯನ್ನು ತನ್ನ ವಿದ್ಯಾರ್ಥಿಗಳಿಗಾಗಿ ಓದುತ್ತಿದ್ದನು. ನೀರನ್ನೇ ಔಷಧವೆಂದು ನಂಬಿ ಪಟ್ಟಣಗಳನ್ನು ಕಟ್ಟಿದ ಜನರ ಕಥೆ ಪುಸ್ತಕದಲ್ಲಿ, ನೀರೇ ವಿಷವಾಯಿತೆಂಬ ಕಾಗದ ಮನೆಯಲ್ಲಿ. ಅಜ್ಜಿಯ ಪ್ರಶ್ನೆಯು ಆತನ ಓದಿನ ದಿಕ್ಕನ್ನೇ ತಿರುಗಿಸಿತು.

ನೀರಿನಲ್ಲಿ ದೈವವನ್ನೂ ಔಷಧವನ್ನೂ ಒಟ್ಟಿಗೆ ಕಾಣುವದು ಯಾವದೊಂದು ದೇಶದ ಸೊತ್ತಲ್ಲ. ಗಜೇಂದ್ರಗಡದ ಗುಡ್ಡದಲ್ಲಿಯ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಅಂತರಗಂಗೆಯು ಅರಳಿಯ ಬೇರಿನ ಬುಡದಿಂದ ಹೊರಟು ಕಡುಬೇಸಗೆಯಲ್ಲಿಯೂ ನಿಲ್ಲದೆ ಕೊಳಕ್ಕೆ ಬೀಳುವದು. ಸುತ್ತಲಿನ ಎರೆ ಬಿರಿದಿರುವಾಗ ಕಲ್ಲಿನೊಳಗಿಂದ ನೀರು ಬರುವದನ್ನು ಕಂಡವನು ಕೈಮುಗಿಯದಿದ್ದರೆ ಅದೇ ಆಶ್ಚರ್ಯ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಒರತೆಯ ನೀರು ತುಂಬಿದ ಪುಷ್ಕರಿಣಿಯ ನಡುವೆಯೇ ಪುಟ್ಟ ಮಂಟಪದೊಳಗೆ ಶಿವನಿರುವನು. ಅಲ್ಲಿ ಮುಳುಗಿದವರು ಚರ್ಮದ ಬೇನೆಯನ್ನೂ ಮನಸ್ಸಿನ ಬೇನೆಯನ್ನೂ ಬಿಟ್ಟು ಬರುವೆವೆಂದು ನಂಬುವರು. ರೋಣ-ಗಜೇಂದ್ರಗಡಗಳ ಸೀಮೆಯಲ್ಲಿಯೇ ಇರುವ ಸೂಡಿಯು ಚಾಲುಕ್ಯರ ಅಕ್ಕಾದೇವಿಯ ಆಳಿಕೆಯನ್ನು ಕಂಡ ಊರು. ಅಲ್ಲಿಯ ನಾಗಕುಂಡದ ಮೆಟ್ಟಿಲುಗಳನ್ನು ಇಳಿದವರಿಗೆ, ಹನ್ನೊಂದನೆಯ ಶತಮಾನದ ಶಿಲ್ಪಿಗಳು ದೇವರ ಗುಡಿಗೆ ಕೊಟ್ಟಷ್ಟೇ ಕೈಕೆಲಸವನ್ನು ನೀರಿಗೂ ಕೊಟ್ಟಿದ್ದರೆಂಬುದು ತಿಳಿಯುವದು. ಬಿಸಿನೀರಿನ ಬುಗ್ಗೆಗಳು ಮಾತ್ರ ಕನ್ನಡನಾಡಿನಲ್ಲಿ ಬಲು ವಿರಳ. ಪುತ್ತೂರು ತಾಲೂಕಿನ ಇರ್ದೆಯಲ್ಲಿರುವ ಬೆಂದ್ರುತೀರ್ಥವೇ ಅವುಗಳಲ್ಲಿ ಹೆಸರಾದದ್ದು. ಗಂಧಕದ ವಾಸನೆಯ ಆ ನೀರಿನಲ್ಲಿ ಮಿಂದರೆ ಮೈಯ ತುರಿಕೆ ಹೋಗುವದೆಂದು ತುಳುನಾಡಿನ ಜನರ ನಂಬಿಕೆ.

ಇಂಗ್ಲಂಡ ದೇಶದ ಬಾಥ್ ಎಂಬ ಊರಿನ ಹುಟ್ಟೂ ಹೀಗೆಯೇ ಆಯಿತು. ಅಲ್ಲಿ ೪೬ ಅಂಶ ಸೆಂಟಿಗ್ರೇಡಿನ ಬಿಸಿನೀರು ದಿನಕ್ಕೆ ೧೧ ಲಕ್ಷ ಲೀಟರಿಗೂ ಮಿಕ್ಕಿ ಉಕ್ಕುವದು. ಆ ನಾಡಿನ ಮೂಲಜನರು ಅದನ್ನು ಸೂಲಿಸ್ ಎಂಬ ದೇವಿಯ ನೆಲೆಯೆಂದು ಪೂಜಿಸುತ್ತಿದ್ದರು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಬಂದ ರೋಮನರು ಆಕೆಯನ್ನು ಹೊರಗೆ ನೂಕದೆ ತಮ್ಮ ಮಿನರ್ವಾ ದೇವಿಯೊಡನೆ ಒಂದುಗೂಡಿಸಿ ಗುಡಿಯನ್ನೂ ಸ್ನಾನಗೃಹಗಳನ್ನೂ ಕಟ್ಟಿದರು. ಆ ಬುಗ್ಗೆಯಿಂದ ಈಚಿನ ಕಾಲದಲ್ಲಿ ಸುಮಾರು ೧೩೦ ಸೀಸದ ತಗಡುಗಳು ಸಿಕ್ಕಿವೆ. ಅವುಗಳಲ್ಲಿ ಭಕ್ತಿಯ ಸ್ತೋತ್ರಗಳಿಗಿಂತ ಶಾಪಗಳೇ ಹೆಚ್ಚು: ಮೀಯುವಾಗ ದಂಡೆಯಲ್ಲಿ ಬಿಟ್ಟ ಬಟ್ಟೆಯನ್ನು ಕದ್ದವನಿಗೆ ನಿದ್ರೆ ಬಾರದಿರಲಿ, ಆರೋಗ್ಯ ಕೆಡಲಿ ಎಂದು ದೇವಿಗೆ ಕೊಟ್ಟ ದೂರುಗಳು. ಜನರು ನೀರಿಗೆ ರೋಗವನ್ನಷ್ಟೇ ತರುವದಿಲ್ಲ. ಮನೆಯ ಜಗಳವನ್ನೂ ತರುವರು.

ಹದಿನೆಂಟನೆಯ ಶತಮಾನದಲ್ಲಿ ಬಾಥಿನ ರೂಪವು ಬೇರೆಯಾಯಿತು. ೧೭೦೫ರ ಸುಮಾರಿಗೆ ಅಲ್ಲಿಗೆ ಬಂದು ನೆಲೆಸಿದ ರಿಚರ್ಡ ನ್ಯಾಶನೆಂಬ ಜೂಜುಗಾರನು ಆ ಊರಿನ ವಿನೋದಕೂಟಗಳ ಯಜಮಾನನಾದನು. ಆತನಿಗೆ ಅರಸುತನವೂ ಇರಲಿಲ್ಲ, ವೈದ್ಯತನವೂ ಇರಲಿಲ್ಲ. ಆದರೂ ಆತನ ಅಪ್ಪಣೆಯನ್ನು ಸರದಾರರೂ ಮೀರುತ್ತಿರಲಿಲ್ಲ. ನೃತ್ಯಶಾಲೆಗೆ ಕತ್ತಿ ಕಟ್ಟಿಕೊಂಡು ಬರಬಾರದು, ಸವಾರಿಯ ಬೂಟು ತೊಟ್ಟು ಬರಬಾರದು, ಕುಣಿತವು ಗೊತ್ತಾದ ಗಳಿಗೆಗೆ ನಿಲ್ಲಬೇಕು ಎಂದು ಕಟ್ಟುಮಾಡಿದನು. ಬೆಳಗಿನ ಸ್ನಾನ, ವಾದ್ಯವು ನುಡಿಯುತ್ತಿರುವಾಗ ಬುಗ್ಗೆಯ ನೀರಿನ ಲೋಟ, ಮಧ್ಯಾಹ್ನದ ಅಡ್ಡಾಟ, ಸಂಜೆಗೆ ಇಸ್ಪೀಟು. ರೋಗವು ಒಂದು ನೆವ. ಕನ್ಯೆಗೆ ವರನನ್ನು ಹುಡುಕುವವರೂ, ಹೊಸದಾಗಿ ಹಣ ಕಂಡ ವ್ಯಾಪಾರಿಗಳೂ, ಸಾಲಗಾರರಿಂದ ಮರೆಯಾಗಬೇಕಾದವರೂ ಆ ನೆವದಿಂದಲೇ ಒಂದೆಡೆಗೆ ಸೇರುತ್ತಿದ್ದರು. ಹೀಗೆ ಊರನ್ನು ಮೆರೆಯಿಸಿದ ನ್ಯಾಶನು ೧೭೬೧ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಅದೇ ಊರಿನಲ್ಲಿ ಬಡ ರೋಗಿಗಳಿಗಾಗಿ ಒಂದು ಆಸ್ಪತ್ರೆಯೂ ೧೭೪೨ರಲ್ಲಿ ತೆರೆಯಿತು. ಹಣ ಕೂಡಿಸಿಕೊಟ್ಟವರಲ್ಲಿ ನ್ಯಾಶನೂ ಒಬ್ಬನು. ದೂರದಿಂದ ಬರುವ ಬಡವನು ತನ್ನ ಊರವರ ಪತ್ರವನ್ನು ತರಬೇಕು. ಗುಣವಾದರೆ ಹಿಂದಿರುಗುವ ದಾರಿಗೆ, ಗುಣವಾಗದೆ ಸತ್ತರೆ ಮಣ್ಣಿಗೆ ಬೇಕಾಗುವ ಖರ್ಚನ್ನು ಮೊದಲೇ ಇಡಬೇಕು. ಈ ಆಸ್ಪತ್ರೆಯು ಹೊರಗಿನವರಿಗಾಗಿ ಹುಟ್ಟಿದುದು. ಬಾಥಿನಲ್ಲಿಯೇ ಇರುವ ಬಡವನಿಗೆ ಮೊದಲಿಗೆ ಅಲ್ಲಿ ಮಂಚವಿರಲಿಲ್ಲ. ಬುಗ್ಗೆಯ ದಂಡೆಯಲ್ಲಿಯೇ ಇರುವವನಿಗೆ ಆಸ್ಪತ್ರೆಯೇಕೆ ಎಂಬುದು ಕಾಯಿದೆ ಮಾಡಿದವರ ವಿಚಾರ. ಮೊಮ್ಮಗನು ಈ ಸಾಲಿನ ಹತ್ತಿರ ಪುಸ್ತಕವನ್ನು ಬೋರಲು ಹಾಕಿ ಕ್ಷಣಹೊತ್ತು ಯೋಚಿಸಿದನು. ಬಂದುಹೋಗುವವನಿಗೆ ಒಂದು ನೀತಿ, ಅಲ್ಲಿಯೇ ಬಾಳುವವನಿಗೆ ಇನ್ನೊಂದು. ಅಜ್ಜಿಯ ಪ್ರಶ್ನೆಯ ಉತ್ತರವು ಇಲ್ಲಿಯೇ ಎಲ್ಲಿಯೋ ಅಡಗಿದೆಯೆಂದು ಆತನಿಗೆ ತೋರಿತು.

ಬೆಲ್ಜಿಯಮ್ ದೇಶದ ಸ್ಪಾ ಎಂಬ ಸಣ್ಣ ಊರಿನ ಹೆಸರೇ ಮುಂದೆ ಇಂತಹ ಎಲ್ಲ ಊರುಗಳಿಗೂ ಅಂಟಿಕೊಂಡಿತು. ಆದರೆ ಇವುಗಳ ವೈಭವವನ್ನು ಕಾಣಬೇಕಾದರೆ ಬೊಹೆಮಿಯದ ಕಾರ್ಲ್ಸ್‌ಬಾಡಿಗೆ, ಈಗಿನ ಚೆಕ್ ದೇಶದ ಕಾರ್ಲೊವಿ ವಾರಿಗೆ, ಹೋಗಬೇಕು. ಅಲ್ಲಿಯ ಮುಖ್ಯ ಬುಗ್ಗೆಯು ೭೩ ಅಂಶ ಬಿಸಿಯಾಗಿ, ೧೨ ಮೀಟರಿನವರೆಗೂ ಚಿಮ್ಮುವದು. ಚಕ್ರವರ್ತಿಯಾದ ನಾಲ್ಕನೆಯ ಚಾರ್ಲ್ಸನು ಬೇಟೆಯಾಡುವಾಗ ಆತನ ನಾಯಿಯು ಈ ಬಿಸಿನೀರಿನಲ್ಲಿ ಬಿದ್ದು ಕೂಗಿದ್ದರಿಂದ ಬುಗ್ಗೆಯು ಗೊತ್ತಾಯಿತೆಂದು ಸ್ಥಳದ ಐತಿಹ್ಯ; ಆತನು ೧೩೭೦ರಲ್ಲಿ ಊರಿಗೆ ಪಟ್ಟಣದ ಹಕ್ಕುಗಳನ್ನು ಕೊಟ್ಟದ್ದು ಇತಿಹಾಸ. ಮೊದಮೊದಲು ರೋಗಿಗಳನ್ನು ಚರ್ಮವು ಬಿರಿಯುವತನಕ ನೀರಿನಲ್ಲಿ ಕೂಡಿಸುತ್ತಿದ್ದರು. ಬಿರಿದ ಚರ್ಮದಿಂದ ರೋಗವು ಸೋರಿಹೋಗುವದೆಂದು ತಿಳಿವಳಿಕೆ. ಮುಂದೆ ಕುಡಿಯುವ ಪದ್ಧತಿ ಬಂದು, ಒಂದೊಂದು ದಿನಕ್ಕೆ ಹತ್ತಾರು ಲೋಟ ನೀರನ್ನು ಹೊಟ್ಟೆಗೆ ಸುರಿಯತೊಡಗಿದರು. ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಬೆಖರನೆಂಬ ವೈದ್ಯನು ಇದಕ್ಕೆ ಕಡಿವಾಣ ಹಾಕಿ, ನೀರನ್ನು ಬುಗ್ಗೆಯ ಹತ್ತಿರವೇ ಅಳತೆಯಿಂದ ಕುಡಿಯಬೇಕು, ಕುಡಿದ ಮೇಲೆ ನಡೆಯಬೇಕು ಎಂದು ಕಲಿಸಿದನು. ಚುಂಚಿರುವ ಬಟ್ಟಲನ್ನು ಕೈಯಲ್ಲಿ ಹಿಡಿದು, ಕಂಬಸಾಲಿನ ನೆರಳಿನಲ್ಲಿ ಹೀರುತ್ತ ನಡೆಯುವ ಜನರು ಇಂದಿಗೂ ಅಲ್ಲಿ ಕಾಣಸಿಗುವರು.

ಯಾರು ಯಾರು ಆ ನೆರಳಿನಲ್ಲಿ ನಡೆಯಲಿಲ್ಲ! ಜರ್ಮನಿಯ ಮಹಾಕವಿ ಗಯಟೆಯು ಮತ್ತೆ ಮತ್ತೆ ಬಂದನು. ಶ್ರೀಮಂತರ ಸೊತ್ತಿನ ಬುಡವನ್ನೇ ಅಲುಗಿಸಿದ ಕಾರ್ಲ್ ಮಾರ್ಕ್ಸನು ಯಕೃತ್ತಿನ ಬೇನೆಗಾಗಿ ೧೮೭೪, ೧೮೭೫, ೧೮೭೬ ಈ ಮೂರು ವರ್ಷಗಳಲ್ಲಿಯೂ ಬಂದು ಅದೇ ಶ್ರೀಮಂತರ ಸಾಲಿನಲ್ಲಿ ಲೋಟ ಹಿಡಿದು ನಿಂತನು. ರಾಜ್ಯಗಳ ಹಣೆಯ ಬರಹವೂ ಇಂತಹ ಊರುಗಳಲ್ಲಿ ಬರೆಯಲ್ಪಟ್ಟಿತು. ೧೮೧೯ರಲ್ಲಿ ಜರ್ಮನಿಯ ಪತ್ರಿಕೆಗಳ ಬಾಯಿಕಟ್ಟಿದ ನಿರ್ಣಯಗಳು ಕಾರ್ಲ್ಸ್‌ಬಾಡಿನಲ್ಲಿ ಆದವು. ೧೮೫೮ರಲ್ಲಿ ಮೂರನೆಯ ನೆಪೋಲಿಯನನೂ ಇಟಲಿಯ ಕಾವೂರನೂ ಪ್ಲೊಂಬಿಯೇರ್ ಎಂಬ ಸ್ನಾನದ ಊರಿನಲ್ಲಿ ಗುಟ್ಟಾಗಿ ಕೂಡಿ ಯುದ್ಧದ ಹೊಂಚು ಹಾಕಿದರು. ೧೮೭೦ರಲ್ಲಿ ಎಮ್ಸ್ ಎಂಬಲ್ಲಿ ವಾಯುಸೇವನೆಗೆ ಹೊರಟ ಪ್ರಶಿಯದ ಅರಸನನ್ನು ಫ್ರಾನ್ಸಿನ ರಾಯಭಾರಿಯು ತಡೆದು ಮಾತನಾಡಿಸಿದ ಸಂಗತಿಯು, ಬಿಸ್ಮಾರ್ಕನು ತಿದ್ದಿ ಪ್ರಕಟಿಸಿದ ತಂತಿಯ ಮೂಲಕ ದೊಡ್ಡ ಯುದ್ಧಕ್ಕೆ ಕಿಡಿಯಾಯಿತು. ಬಾಡೆನ್-ಬಾಡೆನ್, ವೀಸ್‌ಬಾಡೆನ್ ಮೊದಲಾದ ಊರುಗಳಲ್ಲಿ ಬುಗ್ಗೆಗಿಂತ ಜೂಜಿನ ಚಕ್ರವೇ ಹೆಚ್ಚು ಹಣವನ್ನು ತಂದಿತು. ರಶಿಯದ ದಾಸ್ತೊಯೆವ್ಸ್ಕಿಯು ಅಲ್ಲಿ ಕೈಸುಟ್ಟುಕೊಂಡವನೇ. ೧೮೭೨ರ ಕೊನೆಗೆ ಜರ್ಮನಿಯ ಸರಕಾರವು ಜೂಜಿನ ಮನೆಗಳನ್ನು ಮುಚ್ಚಿಸಿದಾಗ, ನೀರಿನಿಂದಲೇ ಬದುಕುತ್ತೇವೆಂದು ಹೇಳಿಕೊಳ್ಳುತ್ತಿದ್ದ ಊರುಗಳಿಗೆ ತಮ್ಮ ಅನ್ನದಾತನು ಯಾರೆಂಬುದು ತಿಳಿಯಿತು.

ಈ ನೀರುಗಳಿಂದ ಗುಣವಾಗುತ್ತಿತ್ತೋ ಇಲ್ಲವೋ? ಆಗುತ್ತಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಬಾಥಿನ ಆಸ್ಪತ್ರೆಗೆ ಬಂದವರಲ್ಲಿ ಬಣ್ಣ ಹಚ್ಚುವವರು, ಸೀಸದ ಕೊಳವೆ ಬೆಸೆಯುವವರು ಮೊದಲಾದ ಕೆಲಸಗಾರರು ಅನೇಕರಿದ್ದರು. ಸೀಸದ ವಿಷವೇರಿ ಅವರ ಕೈಕಾಲುಗಳು ಸೋತಿರುತ್ತಿದ್ದವು. ಅಂಥವರಲ್ಲಿ ಬಹುಮಂದಿ ಚೇತರಿಸಿಕೊಂಡು ಹೋದರೆಂದು ಅಲ್ಲಿಯ ದಫ್ತರಗಳು ಹೇಳುವವು. ಕುತ್ತಿಗೆಯವರೆಗೆ ನೀರಿನಲ್ಲಿ ಬಹಳ ಹೊತ್ತು ಕುಳಿತರೆ ಮೂತ್ರವು ಹೆಚ್ಚಿ, ಅದರೊಡನೆ ಸೀಸವೂ ಹೊರಬೀಳುವದೆಂದು ಈಚಿನ ಪರೀಕ್ಷೆಗಳು ತೋರಿಸಿಕೊಟ್ಟಿವೆ. ಆದರೆ ಮೈಯ ಮೇಲೆ ನೀರಿನ ಭಾರವು ಬೀಳುವದೇ ಈ ಪರಿಣಾಮಕ್ಕೆ ಕಾರಣ. ಅದಕ್ಕೆ ಬುಗ್ಗೆಯ ನೀರೇ ಬೇಕೆಂದಿಲ್ಲ. ಇದರ ಮೇಲೆ, ವಿಷದ ಕೆಲಸದಿಂದ ಕೆಲವು ತಿಂಗಳು ಬಿಡುವು, ಹೊತ್ತಿಗೆ ಸರಿಯಾದ ಊಟ, ಮಿತವಾದ ಕುಡಿತ, ಗುಣವಾಗುವೆನೆಂಬ ಭರವಸೆ. ಶ್ರೀಮಂತನಿಗೂ ಆ ನೀರು ಮಾಡಿದ್ದು ಇದನ್ನೇ: ಮನೆಯ ಮೇಜವಾನಿಗಳಿಂದ ಆತನನ್ನು ಬಿಡಿಸಿ, ನಸುಕಿನಲ್ಲಿ ಎಬ್ಬಿಸಿ ನಡೆಯಿಸಿತು. ಗಾಂಧೀಜಿಯವರು ಲಾಯ್ಪ್‌ಜಿಗಿನ ಲೂಯಿ ಕೂನೆಯ ಜಲಚಿಕಿತ್ಸೆಯನ್ನು ಮೆಚ್ಚಿ ತಮ್ಮ ಮೈಮೇಲೆಯೇ ಪ್ರಯೋಗಿಸಿದಾಗಲೂ, ೧೯೪೬ರಲ್ಲಿ ಪುಣೆಯ ಹತ್ತಿರದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರದ ಕೆಲಸಕ್ಕೆ ತೊಡಗಿದಾಗಲೂ, ಬುಗ್ಗೆಯ ಮಹಿಮೆಯನ್ನು ನೆಚ್ಚಲಿಲ್ಲ. ಊರ ಬಡವನಿಗೆ ಸಿಗುವ ನೀರು, ಮಣ್ಣು, ಪಥ್ಯಗಳನ್ನು ನೆಚ್ಚಿದರು.

ಇನ್ನು ನೀರಿನ ದಂಡೆಯಲ್ಲಿ ಯಾರಿಗೆ ಎಡೆ, ಯಾರಿಗೆ ಇಲ್ಲ ಎಂಬ ಮಾತೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಬೋರ್ಕುಮ್ ಎಂಬ ದ್ವೀಪದ ಸಮುದ್ರಸ್ನಾನದ ಊರು, ತನ್ನಲ್ಲಿ ಯಹೂದಿಗಳಿಗೆ ಜಾಗವಿಲ್ಲವೆಂದು ಹೆಮ್ಮೆಯಿಂದ ಸಾರಿಕೊಂಡಿತು. ಅದನ್ನು ಓದಿ ಮೂಗಿನ ಮೇಲೆ ಬೆರಳಿಡುವ ಮುನ್ನ ಸವಡಿಯ ಅಜ್ಜಿಯ ನೆನಪುಗಳನ್ನು ಕೇಳಬೇಕು. ಆಕೆಯು ಸೊಸೆಯಾಗಿ ಬಂದ ಕಾಲಕ್ಕೆ ಅದೇ ಅರವಟ್ಟಿಗೆಯಲ್ಲಿ ಕೆಲವರ ಕೈಗೆ ತಂಬಿಗೆ ಹೋಗುತ್ತಿರಲಿಲ್ಲ. ಅವರು ಚಪ್ಪರದ ಹೊರಗೆ ಬಿಸಿಲಿನಲ್ಲಿ ಬಗ್ಗಿ ಬೊಗಸೆಯೊಡ್ಡುವರು. ಅತ್ತೆಯು ಬಿದಿರಿನ ದೋಣಿಯಿಂದ ದೂರದಲ್ಲಿ ನಿಂತು ಹೊಯ್ಯುವಳು. ಪುಣ್ಯಕ್ಕೂ ಒಂದು ಅಳತೆಗೋಲು ಇತ್ತು. ೧೯೨೭ರ ಮಾರ್ಚ ೨೦ರಂದು ಡಾಕ್ಟರ ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕುಡಿದದ್ದು ಬಾಯಾರಿಕೆಗಾಗಿ ಅಲ್ಲ; ಮನುಷ್ಯತ್ವದ ಹಕ್ಕಿಗಾಗಿ. ೧೯೫೦ರ ಜನೇವರಿ ೨೬ರಿಂದ ಜಾರಿಗೆ ಬಂದ ಸಂವಿಧಾನದ ೧೫ನೆಯ ಕಲಮಿನಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರುಗಳನ್ನೇ ಹೇಳಿ, ಅಲ್ಲಿ ಜಾತಿಮತಗಳ ಅಡ್ಡಿಯಿರಬಾರದೆಂದು ಬರೆದಿರುವರು. ಅತ್ತೆಯು ತೀರಿಕೊಂಡ ವರ್ಷ ಅಜ್ಜಿಯು ಆ ಬಿದಿರಿನ ದೋಣಿಯನ್ನು ಒಲೆಗೆ ಹಾಕಿದಳು. ಯಾರಿಗೂ ಏನನ್ನೂ ಹೇಳಲಿಲ್ಲ.

ನೀರಿನ ಕೀರ್ತಿಯನ್ನು ನಂಬಿ ಬದುಕುವ ಊರಿಗೆ ಆ ನೀರು ಕೆಟ್ಟಿತೆಂದು ತಿಳಿದರೆ ಏನಾಗುವದು? ನಾರ್ವೆ ದೇಶದ ನಾಟಕಕಾರನಾದ ಇಬ್ಸೆನನು ೧೮೮೨ರಲ್ಲಿ ಇದನ್ನೇ ವಸ್ತುವಾಗಿ ಮಾಡಿಕೊಂಡು ಒಂದು ನಾಟಕವನ್ನು ಬರೆದನು. ಸ್ನಾನದ ಊರಿನ ವೈದ್ಯನು ಸ್ನಾನಗೃಹಗಳ ನೀರಿನಲ್ಲಿ ಹೊಲಸು ಸೇರಿರುವದನ್ನು ಕಂಡುಹಿಡಿದು, ಊರು ತನ್ನನ್ನು ಹೊಗಳುವದೆಂದು ಕಾಯುವನು. ಊರಿನವರು ಆತನನ್ನು ಜನಕಂಟಕನೆಂದು ಕರೆದು ಮನೆಯ ಕಿಡಿಕಿಗಳಿಗೆ ಕಲ್ಲು ಒಗೆಯುವರು. ೧೯೮೯ರಲ್ಲಿ ಸತ್ಯಜಿತ ರಾಯರು ಈ ಕಥೆಯನ್ನು 'ಗಣಶತ್ರು' ಎಂಬ ಬಂಗಾಲೀ ಚಿತ್ರಪಟವಾಗಿ ಮಾಡುವಾಗ ಸ್ನಾನಗೃಹದ ಸ್ಥಳದಲ್ಲಿ ಗುಡಿಯ ತೀರ್ಥವನ್ನು ಇಟ್ಟರು. ದೇಶ ಬದಲಾದರೂ ಕಥೆಯಲ್ಲಿ ಹೆಚ್ಚೇನೂ ಬದಲಿಸಬೇಕಾಗಲಿಲ್ಲ. ಆದರೆ ಎಲ್ಲ ಊರುಗಳೂ ಹೀಗೆ ಮಾಡಲಿಲ್ಲ. ಬಾಥಿನ ಬಿಸಿನೀರಿನಲ್ಲಿ ಈಜಿದ ಒಬ್ಬ ಬಾಲಿಕೆಯು ನೀರಿನೊಳಗಿನ ಸೂಕ್ಷ್ಮಜೀವಿಯು ಮಿದುಳಿಗೇರಿ ೧೯೭೮ರಲ್ಲಿ ತೀರಿಕೊಂಡಾಗ, ಎರಡು ಸಾವಿರ ವರ್ಷಗಳ ಕೀರ್ತಿಯುಳ್ಳ ಆ ನೀರಿಗೆ ಜನರು ಇಳಿಯುವದನ್ನು ನಿಲ್ಲಿಸಿದರು. ಹೊಸ ಕೊಳವೆಗಳನ್ನು ಆಳಕ್ಕೆ ಇಳಿಸಿ, ಹೊಸ ಸ್ನಾನಗೃಹವನ್ನು ಕಟ್ಟಿ, ೨೦೦೬ರಲ್ಲಿ ಮತ್ತೆ ತೆರೆದರು. ಯುನೆಸ್ಕೊ ಸಂಸ್ಥೆಯು ೨೦೨೧ರಲ್ಲಿ ಏಳು ದೇಶಗಳ ಹನ್ನೊಂದು ಸ್ನಾನದ ಊರುಗಳನ್ನು ಜಗತ್ತಿನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದಾಗ ಬಾಥ್ ಆ ಹನ್ನೊಂದರಲ್ಲಿ ಇತ್ತು. ಸತ್ಯವನ್ನು ಒಪ್ಪಿಕೊಂಡದ್ದರಿಂದ ಅದರ ಮಾನವು ಹೋಗಲಿಲ್ಲ.

ಆ ಪಟ್ಟಿಯಲ್ಲಿಯೇ ಫ್ರಾನ್ಸಿನ ವಿಶಿ ಎಂಬ ಊರೂ ಇದೆ. ಅಜೀರ್ಣಕ್ಕೂ ಯಕೃತ್ತಿಗೂ ಒಳ್ಳೆಯದೆಂದು ಅದರ ಬುಗ್ಗೆಗಳ ನೀರು ಶೀಸೆಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಆ ಬುಗ್ಗೆಗಳಲ್ಲಿ ಕೆಲವಕ್ಕೆ ಸ್ವಭಾವತಃ ಫ್ಲೋರೈಡು ಬಹಳ. ವಿಶಿಯ ಚಿಕಿತ್ಸೆಗೆ ಬಂದವನು ವೈದ್ಯನು ಹೇಳಿದಷ್ಟು ನೀರನ್ನು ಮೂರು ವಾರ ಕುಡಿದು ತನ್ನ ಊರಿಗೆ ಹೋಗುವನು, ಆತನಿಗೆ ಅಪಾಯವಿಲ್ಲ. ಅದನ್ನೇ ಮನೆಗೆ ತರಿಸಿ ವರುಷಗಟ್ಟಲೆ ದಿನವೂ ಕುಡಿದವರಲ್ಲಿ ಎಲುಬಿನ ರೋಗವನ್ನು ಫ್ರಾನ್ಸಿನ ವೈದ್ಯರೇ ಕಂಡಿರುವರು. ಈ ಸಂಗತಿಯನ್ನು ಓದಿದ ರಾತ್ರಿ ಮೊಮ್ಮಗನಿಗೆ ಅಜ್ಜಿಯ ಪ್ರಶ್ನೆಯ ಉತ್ತರ ಸಿಕ್ಕಿತು. ಅದು ಅರ್ಧ ಸಮಾಧಾನದ ಉತ್ತರ, ಅರ್ಧ ಸಂಕಟದ ಉತ್ತರ.

ನೆಲದಾಳದ ಕೆಲವು ಕಲ್ಲುಗಳಲ್ಲಿ ಫ್ಲೋರೈಡು ಇರುವದು. ನೀರು ಅಂತಹ ಕಲ್ಲಿನ ಸಂದಿಯಲ್ಲಿ ಎಷ್ಟು ಕಾಲ ನಿಲ್ಲುವದೋ ಅಷ್ಟು ಅದನ್ನು ಕರಗಿಸಿಕೊಳ್ಳುವದು. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಮಳೆಯಿಂದ ತುಂಬುವ ಕೆರೆಯಲ್ಲಿಯೂ ಸಾಮಾನ್ಯವಾಗಿ ಕಡಿಮೆ. ಕೆರೆಗಳು ಹೂಳು ತುಂಬಿ, ಕೊಳವೆಗಳು ಆಳಕ್ಕೆ ಇಳಿದಂತೆ ರೋಣ, ಮುಂಡರಗಿ ಮೊದಲಾದ ಗದಗ ಜಿಲ್ಲೆಯ ಭಾಗಗಳಲ್ಲಿ ಈ ಬಾಧೆಯು ಬೆಳಕಿಗೆ ಬಂತು. ಲೀಟರಿಗೆ ೧ ಮಿಲಿಗ್ರಾಮು ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ ೧.೫ರವರೆಗೆ ನಡೆದೀತು ಎಂದು ನಮ್ಮ ದೇಶದ ಮಾನಕವು ಹೇಳುವದು. ಮಿತಿಯನ್ನು ಮೀರಿದ ನೀರು ಹಲ್ಲು ಮೂಡುವ ವಯಸ್ಸಿನ ಕೂಸುಗಳ ಹಲ್ಲಿನಲ್ಲಿ ಅಳಿಸಲಾರದ ಕಲೆಯನ್ನು ಬರೆಯುವದು. ಬಲು ಹೆಚ್ಚಾಗಿದ್ದು, ಬಹುಕಾಲ ಹೊಟ್ಟೆ ಸೇರಿದರೆ, ದೊಡ್ಡವರ ಕೀಲುಗಳನ್ನು ಬಿಗಿಯುವದು, ಎಲುಬನ್ನು ಬಾಗಿಸುವದು. ಕಾಸಿದರೆ ಅದು ಹೋಗುವದಿಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುವದು. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಸಿಹಿನೀರು-ಸವಳುನೀರುಗಳೆಂಬ ಹಿರಿಯರ ಪರೀಕ್ಷೆಯೂ ಇದರ ಮುಂದೆ ಸೋಲುವದು.

ಮರುದಿನ ಮೊಮ್ಮಗನು ಅಜ್ಜಿಯ ಹತ್ತಿರ ಕುಳಿತು ಹೇಳಿದನು: "ಆಯಿ, ಹಾದಿಯವರು ಒಂದು ತಂಬಿಗಿ ಕುಡದು ಹ್ವಾದ್ರು. ಅವರಿಗೇನೂ ಆಗಿಲ್ಲ. ಆ ಪುಣ್ಯ ಪುಣ್ಯಾನ ಐತಿ." ಅಜ್ಜಿಯ ಮುಖವು ಅರಳಿತು; ಆದರೆ ಮೊಮ್ಮಗನು ಮಾತನ್ನು ಮುಗಿಸಿರಲಿಲ್ಲವೆಂದು ಆಕೆಗೆ ತಿಳಿಯಿತು. "ಮತ್ತ ದಿನಾ ಕುಡದವರು?" ಎಂದು ಆಕೆಯೇ ಕೇಳಿದಳು. ದಿನವೂ ಕುಡಿದವರು ಮನೆಯವರು, ಮನೆಯ ಕೂಸು. ಅವರ ಜೊತೆಗೆ ಪ್ರತಿ ಮುಂಜಾನೆ ಕೊಡ ತುಂಬಿಕೊಂಡು ಹೋಗುವ ಓಣಿಯವರು. ಅವರ ಮನೆಗಳಲ್ಲಿಯೂ ಹಲ್ಲು ಮೂಡುವ ಕೂಸುಗಳಿವೆ.

ಮನೆಯೊಳಗೆ ಆ ದಿನ ವಾದವಾಯಿತು. ಹಿರಿಯ ಮಗನಿಗೆ ಇದನ್ನು ಹೊರಗೆ ಹಾಕುವದು ಬೇಡವಾಗಿತ್ತು. ತಮ್ಮ ಹೊಲದ ನೀರು ಕೆಟ್ಟದ್ದೆಂದು ತಾವೇ ಹೇಳಿಕೊಂಡರೆ ನಾಳೆ ಮನೆಗೆ ಹೆಣ್ಣು ಕೊಡುವವರಾರು? ಪಂಪಿನ ತಂತಿ ಸುಟ್ಟಿದೆಯೆಂದು ಹೇಳಿ ನೀರು ಬಿಡುವದನ್ನು ನಿಲ್ಲಿಸಿದರೆ ಮಾನವೂ ಉಳಿದೀತು, ಅಪಾಯವೂ ತಪ್ಪೀತು. ಇದು ಆತನ ವಿಚಾರ. ಕೆಟ್ಟ ಮನುಷ್ಯನ ವಿಚಾರವಲ್ಲ. ಇಬ್ಸೆನನ ನಾಟಕದ ಊರವರೂ ಕೆಟ್ಟವರಾಗಿರಲಿಲ್ಲ. ಅಜ್ಜಿಯು ಎಲ್ಲವನ್ನೂ ಕೇಳಿ, "ಸುಳ್ಳ ಹೇಳಿ ನೀರು ನಿಲ್ಲಿಸಿದರ, ಅವರು ಇಂಥಾದs ಇನ್ನೊಂದು ಬೋರಿನ ನೀರು ತರತಾರ. ಖರೆ ಹೇಳಿದರ ಪರೀಕ್ಷಾ ಮಾಡಿಸಿ ತರತಾರ" ಎಂದಳು. ಆ ಮಾತಿನ ಮೇಲೆ ಯಾರೂ ಮಾತನಾಡಲಿಲ್ಲ.

ಮರುದಿನ ನಸುಕಿನಲ್ಲಿ ಆಕೆಯು ಕೋಲೂರಿಕೊಂಡು ಕೊಳವೆಬಾವಿಯ ಹತ್ತಿರ ಹೋಗಿ ಕಟ್ಟೆಯ ಮೇಲೆ ಕುಳಿತಳು. ಕೊಡ ತಂದವರಿಗೆಲ್ಲ ಒಂದೇ ಮಾತನ್ನು ಹೇಳಿದಳು: ಈ ನೀರಿನಲ್ಲಿ ಬಟ್ಟೆ ಒಗೆಯಿರಿ, ಪಾತ್ರೆ ತೊಳೆಯಿರಿ, ಕೂಸುಗಳಿಗೆ ಕುಡಿಸಬೇಡಿರಿ. ಕೆಲವರು ನಕ್ಕರು. ಒಬ್ಬಳು, ನೀರು ಕೊಡಲು ಮನಸ್ಸಿಲ್ಲದ್ದಕ್ಕೆ ಇದೊಂದು ನೆವ ಎಂದು ಗೊಣಗಿದಳು. ಮತ್ತೊಬ್ಬಳು ಸೊಂಟದ ಮೇಲಿನ ಮಗುವಿನ ತುಟಿಯನ್ನು ಬೆರಳಿನಿಂದ ಎತ್ತಿ ಹಲ್ಲು ನೋಡಿದಳು. ಎಂಟು ದಿನಗಳೊಳಗೆ ಆ ಓಣಿಯ ಕೊಡಗಳಲ್ಲಿ ಹೆಚ್ಚಿನವು, ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ ನೀರು ಬಿಡುವ ಶುದ್ಧನೀರಿನ ಘಟಕದ ಮುಂದೆ ಸಾಲುಹಿಡಿದವು. ಸೂಡಿಯ ಕುಂಡದ ಶಿಲ್ಪವಾಗಲಿ ಕಾರ್ಲ್ಸ್‌ಬಾಡಿನ ಕಂಬಸಾಲಾಗಲಿ ಆ ತಗಡಿನ ಕೋಣೆಗೆ ಇಲ್ಲ. ಆದರೆ ಅದರ ಮುಂದಿನ ಸಾಲಿನಲ್ಲಿ ಯಾರೂ ಬೊಗಸೆಯೊಡ್ಡಿ ದೂರ ನಿಲ್ಲಬೇಕಾಗಿಲ್ಲ.

ಮುಂದಿನ ಯುಗಾದಿಗೆ ಅರವಟ್ಟಿಗೆ ಎಂದಿನಂತೆಯೇ ಎದ್ದಿತು. ಅಜ್ಜಿಯು ಕಾಲಕಾಲೇಶ್ವರನ ಅಂತರಗಂಗೆಯಿಂದ ತರಿಸಿದ ತಂಬಿಗೆಯ ತೀರ್ಥವನ್ನು ಮೂರು ಹರವಿಗಳಿಗೂ ಒಂದೊಂದು ಉದ್ಧರಣೆ ಹಾಕಿದಳು. ಹರವಿಗಳಲ್ಲಿದ್ದುದು ಘಟಕದಿಂದ ಬಂಡಿಯ ಮೇಲೆ ತಂದ ನೀರು. ದಾರಿಯವರಿಗೆ ಹಳೆಯ ನೀರೇ ಸಾಕಾಗಿತ್ತಲ್ಲ, ಅವರಿಗೆ ಅದರಿಂದ ಅಪಾಯವಿಲ್ಲವಲ್ಲ ಎಂದು ಹಿರಿಯ ಮಗನು ಖರ್ಚಿನ ಲೆಕ್ಕ ಹೇಳಿದ್ದನು, ಅಜ್ಜಿಯು ಕಿವಿಗೊಟ್ಟಿರಲಿಲ್ಲ. ಮೊದಲ ದಿನ ತಂಬಿಗೆ ಹಿಡಿದು ನಿಂತವಳು ಮರಿಮೊಮ್ಮಗಳು. ಬಿಸಿಲಿನಲ್ಲಿ ಬಂದ ಕುರಿಯವನೊಬ್ಬನು ಮುಖ ಒರೆಸಿಕೊಳ್ಳುತ್ತ, "ಎಲ್ಲೀ ನೀರವ್ವಾ?" ಎಂದು ಕೇಳಿದನು.

ಹುಡುಗಿಯು ಕಲೆಗಟ್ಟಿದ ಹಲ್ಲುಗಳನ್ನು ತೋರಿಸಿ ನಕ್ಕು, "ನಾವು ಮನ್ಯಾಗ ಕುಡಿಯೂ ನೀರು" ಎಂದಳು.